ಕಣಗಿಲೆ ಬೇಲಿ, ಕಪ್ಪು ಕೊಡೆ

ಸೂರ್ಯ ಇನ್ನೂ ಹರೆಯದವನಾಗಿ ಈಗಿನದಕ್ಕಿಂತ ಜೋರಾಗಿ ಉರಿಯುತ್ತಿದ್ದ ಕಾಲದಲ್ಲಿ ಬೇಲಿನಾಡು ಎಂಬ ಒಂದು ರಾಜ್ಯವಿತ್ತು. ಬೇರೆ ರಾಜ್ಯಗಳಿಗೆ ಕಲ್ಲಿನ ಕೋಟೆಯಿದ್ದರೆ ಈ ರಾಜ್ಯಕ್ಕೆ ಹೂವಿನ ಬೇಲಿಯಿತ್ತು. ನಾಡಿನ ಸುತ್ತಲೂ ಎರಡು ಸಾಲು ಕಣಗಿಲೆ ಗಿಡ. ಬಿಸಿಲು ಏರಿದಷ್ಟೂ ಕಣಗಿಲೆಗೆ ಸುಖ. ಬಾವಿಗಳ ತಳ ಕಾಣುವ ಬೇಸಿಗೆಯಲ್ಲೂ ಬೇಲಿ ಕೆಂಪಗೆ ಹೂ ಹೊತ್ತು ನಿಲ್ಲುತ್ತಿತ್ತು.

ಆ ಬೇಲಿ ಇದ್ದದ್ದು ಶತ್ರುರಾಜರಿಗೆ ಹೆದರಿ ಅಲ್ಲ. ಬೇಲಿಯಾಚೆ ನೆರಳಾಡುಗಳಿದ್ದವು. ನೋಡಲು ಎಲ್ಲ ಆಡುಗಳಂತೆಯೇ ಗಡ್ಡ, ಕೊಂಬು, ಕಳ್ಳನೋಟ. ಆದರೆ ಅವು ಮೇಯುತ್ತಿದ್ದದ್ದು ನೆರಳನ್ನು. ಮರದ ನೆರಳು ಮೇದರೆ ಮರ ಒಣಗುತ್ತಿತ್ತು. ಮನುಷ್ಯರ ನೆರಳು ಮೇದರೆ ಮನುಷ್ಯರು ದಿನದಿನಕ್ಕೆ ತೆಳ್ಳಗಾಗಿ, ಆಚೆ ಬದಿಯ ಗೋಡೆ ಕಾಣುವಷ್ಟು ತೆಳ್ಳಗಾಗಿ, ಅಮಾವಾಸ್ಯೆಯ ಕತ್ತಲು ಬಿದ್ದಾಗ ಇಲ್ಲವಾಗುತ್ತಿದ್ದರು. ಎಳೆ ನೆರಳೆಂದರೆ ಆ ಆಡುಗಳಿಗೆ ಪ್ರಾಣ.

ಆಡು ಮುಟ್ಟದ ಸೊಪ್ಪಿಲ್ಲ ಎಂದು ಗಾದೆ. ಗಾದೆ ಕಟ್ಟಿದವರು ಕಣಗಿಲೆ ನೋಡಿರಲಿಲ್ಲ. ಕಣಗಿಲೆಯ ಎಲೆ ವಿಷ, ಹೂ ವಿಷ, ಕಡ್ಡಿ ಮುರಿದರೆ ಬರುವ ಹಾಲೂ ವಿಷ. ಒಣಗಿದ ಕೊಂಬೆ ಸುಟ್ಟರೆ ಹೊಗೆ ಕೂಡ ವಿಷ. ಅದರ ನೆರಳಿಗೆ ಮೂತಿ ಇಟ್ಟ ನೆರಳಾಡು ಅಲ್ಲೇ ಬೀಳುತ್ತಿತ್ತು. ಹಾಗಾಗಿ ಬೇಲಿಯೊಳಗೆ ಮಕ್ಕಳು ಬಿಸಿಲಲ್ಲಿ ನಿಶ್ಚಿಂತೆಯಾಗಿ ಆಡುತ್ತಿದ್ದವು.

ಬೇಲಿ ನೋಡಿಕೊಳ್ಳುವ ಜನಕ್ಕೆ ಬೇಲಿಯವರು ಎಂದೇ ಹೆಸರು. ಅವರ ಕೇರಿಯಲ್ಲಿ ಮಗು ಹುಟ್ಟಿದರೆ ಮನೆಯ ಮುಂದೆ ಬೇಲಿಯ ಸಾಲಿನಲ್ಲಿ ಒಂದು ಕಣಗಿಲೆ ಕಡ್ಡಿ ನೆಡುತ್ತಿದ್ದರು. ವರ್ಷಕ್ಕೊಮ್ಮೆ, ಹೂವಿನ ಕಾಲ ಇಳಿದ ಮೇಲೆ, ಹೆಂಗಸರು ಕುಡುಗೋಲು ಹಿಡಿದು ಬೇಲಿ ಸವರುತ್ತಿದ್ದರು. ಈ ವರ್ಷ ಹೊರಸಾಲು, ಮುಂದಿನ ವರ್ಷ ಒಳಸಾಲು. ಮೊಣಕಾಲೆತ್ತರಕ್ಕೆ ನಿರ್ದಾಕ್ಷಿಣ್ಯವಾಗಿ ಕತ್ತರಿಸುತ್ತಿದ್ದರು. ಗಂಡಸರು ಕತ್ತರಿಸಿದ್ದನ್ನು ಹೊತ್ತುಕೊಂಡು ಹೋಗಿ ದೂರದಲ್ಲಿ ಹೂಳುತ್ತಿದ್ದರು. ಸವರುವ ಕೆಲಸ ಮುಗಿಯುವ ತನಕ ಆ ಹೆಂಗಸರು ಮನೆಗೆ ಬರುವಂತಿರಲಿಲ್ಲ. ಬೇಲಿಗೂ ಮನೆಗಳಿಗೂ ನಡುವೆ ಅರಿಶಿನದ ದಾರ ಎಳೆಯುತ್ತಿದ್ದರು. ದಾರದ ಆಚೆ ತಾಯಂದಿರು, ಈಚೆ ಅಜ್ಜಿಯರ ಸೊಂಟದಲ್ಲಿ ಮಕ್ಕಳು. ಸಂಜೆಯಾದರೆ ತಾಯಂದಿರು ಕೈಯನ್ನು ಬೆನ್ನ ಹಿಂದೆ ಕಟ್ಟಿ ನಿಂತು, ದಾರದಾಚೆಯಿಂದಲೇ ಜೋಗುಳ ಹೇಳುತ್ತಿದ್ದರು. ಕೊನೆಯ ದಿನ ಬೂದಿ, ಹುಣಸೆಹಣ್ಣು, ಸೀಗೆಪುಡಿ ಹಾಕಿ ಕೈ ತಿಕ್ಕಿ, ತಲೆಗೆ ಸ್ನಾನ ಮಾಡಿ ಆಮೇಲೆ ಮಗುವನ್ನು ಎತ್ತಿಕೊಳ್ಳಬೇಕು. ಕೈಗೆ ಹತ್ತಿದ ಹಾಲು ಮಗುವಿನ ಬಾಯಿಗೆ ಹೋಗಬಾರದಲ್ಲ.

ಬೇಲಿಯವರ ಹಿರಿಯಳು ಸಂಕವ್ವ. ಅವಳಿಗೆ ಹಲ್ಲು ಕಡಿಮೆ, ಮಾತು ಇನ್ನೂ ಕಡಿಮೆ. ಹೊಸ ಸೊಸೆಯಂದಿರಿಗೆ ಅವಳು ಕಲಿಸುತ್ತಿದ್ದದ್ದು ಮೂರೇ ಮಾತು.

“ಸವರುವಾಗ ಕರುಣೆ ಬೇಡ. ನೀರೆರೆಯುವಾಗ ಧಾರಾಳ ಬೇಡ. ಕೈ ತೊಳೆಯದೆ ಕಂದ ಬೇಡ.”

ಸಂಕವ್ವನ ಮಗ ಬೀರ. ಒಳ್ಳೆಯವನು. ತಾಯಿ ಮಾತಾಡಿದಾಗ ತಾಯಿಗೆ ತಲೆಯಾಡಿಸುತ್ತಿದ್ದ, ಹೆಂಡತಿ ಮಾತಾಡಿದಾಗ ಹೆಂಡತಿಗೆ ತಲೆಯಾಡಿಸುತ್ತಿದ್ದ. ಇಬ್ಬರೂ ಒಟ್ಟಿಗೆ ಮಾತಾಡಿದರೆ ದನಕ್ಕೆ ನೀರು ತೋರಿಸಲು ಹೋಗುತ್ತಿದ್ದ. ಅವನ ಹೆಂಡತಿ ದ್ಯಾಮಿ. ಮದುವೆಯಾಗಿ ಬಹಳ ಕಾಲ ಮಕ್ಕಳಿಲ್ಲದೆ, ಯಾರು ಯಾರದೋ ಬಾಯಿಂದ ಏನೇನೋ ಕೇಳಿಸಿಕೊಂಡು, ಕೊನೆಗೆ ಒಂದು ಹೆಣ್ಣು ಮಗು ಹೆತ್ತಳು. ಪದುಮಿ ಎಂದು ಹೆಸರಿಟ್ಟರು. ಮನೆಯ ಮುಂದೆ ಪದುಮಿಯ ಕಣಗಿಲೆ ನೆಟ್ಟರು.

ಮಗುವಿಗೆ ಮೂರು ತಿಂಗಳು ತುಂಬುವಾಗ ಬೇಲಿ ಸವರುವ ಕಾಲ ಬಂತು. ದ್ಯಾಮಿ ಬರುವುದಿಲ್ಲ ಎಂದಳು. ಎದೆಯಲ್ಲಿ ಹಾಲು ಕಟ್ಟಿ ಸೆಳೆಯುತ್ತಿರುವಾಗ, ಕೂಸು ದಾರದಾಚೆ ಅಳುತ್ತಿರುವಾಗ, ನಾನು ಗಿಡ ಕತ್ತರಿಸುತ್ತ ಹಾಡು ಹೇಳಬೇಕೇ ಎಂದು ಕೇಳಿದಳು. ಅವಳೊಬ್ಬಳೇ ಹಾಗಂದಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಕೇರಿಯ ಸೊಸೆಯಂದಿರೆಲ್ಲರ ಹೊಟ್ಟೆಯೊಳಗಿದ್ದ ಮಾತು ಅದೇ. ಒಬ್ಬಳು ಬಾಯಿ ಬಿಟ್ಟರೆ ಸಾಕೆಂದು ಕಾಯುತ್ತಿದ್ದರು. ದೂರು ದೊರೆ ಹೊನ್ನರಸನ ಚಾವಡಿಗೆ ಹೋಯಿತು.

ಆ ದಿನ ಚಾವಡಿಯಲ್ಲಿ ಒಬ್ಬ ಪರದೇಶಿ ಕೂತಿದ್ದ. ಗಿಡಮರಗಳ ಪಂಡಿತನೆಂದು ಹೇಳಿಕೊಂಡು ಬಂದವನು, ಹೆಸರು ತಂಪಯ್ಯ. ಅವನ ಕೈಯಲ್ಲಿ ದೊಡ್ಡದೊಂದು ಕಪ್ಪು ಕೊಡೆ. ಅಂಥ ಕೊಡೆಯನ್ನು ಆ ನಾಡು ಕಂಡಿರಲಿಲ್ಲ. ಅದರ ಕೆಳಗೆ ನಿಂತರೆ ಆಳವಾದ ಬಾವಿಯೊಳಗೆ ಇಳಿದಷ್ಟು ತಂಪು. ಮಂತ್ರಿ, ಪುರೋಹಿತ, ಸೇನಾಪತಿ, ಎಲ್ಲರೂ ಏನಾದರೊಂದು ನೆಪ ಮಾಡಿಕೊಂಡು ಅವನ ಪಕ್ಕಕ್ಕೆ ಸರಿದು ಕೂರುತ್ತಿದ್ದರು. ಅವನು ಮನೆಯೊಳಗೂ ಕೊಡೆ ಮಡಿಸುತ್ತಿರಲಿಲ್ಲ. ಸದಾ ಅದರ ಅಂಚು ನೇಯುತ್ತಿದ್ದ. ಕಪ್ಪು ನೂಲಿನ ತುದಿಯನ್ನು ಹಿಡಿಯುವ ಮೊದಲು ಪ್ರತಿ ಸಲವೂ ಬೆರಳನ್ನು ನಾಲಿಗೆಗೆ ಒತ್ತಿ ಒದ್ದೆ ಮಾಡಿಕೊಳ್ಳುತ್ತಿದ್ದ.

ದ್ಯಾಮಿ ಕೂಸನ್ನು ಎದೆಗವಚಿ ನಿಂತು ಕೇಳಿದಳು: “ಮಗುವನ್ನು ಮುಟ್ಟಬಾರದ ಕೈ ತಾಯಿಯ ಕೈ ಹೇಗಾಗುತ್ತದೆ, ಬುದ್ಧಿ?”

ದೊರೆ ಪಂಡಿತನ ಕಡೆ ತಿರುಗಿದ. ತಂಪಯ್ಯ ನಸುನಕ್ಕು ಹೇಳಿದ. “ಈ ತಾಯಿ ಆಡಿದ್ದು ಧರ್ಮದ ಮಾತು, ಪ್ರಭು. ಹೂ ಬಿಟ್ಟ ಗಿಡವೂ ತಾಯಿಯೇ. ತಾಯಿಗೆ ಯಾರಾದರೂ ಕತ್ತಿ ಇಡುತ್ತಾರೆಯೇ? ಕತ್ತರಿಸದೆ ಬಿಡಿ, ಹೂ ಮುಗಿಲಿಗೆ ಮುಟ್ಟುತ್ತದೆ.”

ಸಭೆಯಲ್ಲಿದ್ದವರೆಲ್ಲ ತಲೆದೂಗಿದರು. ತಂಪಾದ ಜಾಗದಲ್ಲಿ ಕೂತವರಿಗೆ ತಲೆದೂಗುವುದು ಸುಲಭ. ಸಂಕವ್ವ ಎದುರಾಡಿದಳು, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಹೊರಗೆ ಬಂದ ಮೇಲೆ ಅವಳು ಸೊಸೆಯನ್ನು ಬೈಯಲಿಲ್ಲ. ಬೆರಳು ನೆಕ್ಕುವ ಆ ಪಂಡಿತ ಬೇಲಿಯವರ ಮನೆಯಲ್ಲಿ ಹುಟ್ಟಿದ್ದರೆ ಹಲ್ಲು ಮೂಡುವ ಮೊದಲೇ ಚಟ್ಟ ಏರುತ್ತಿದ್ದ ಎಂದಳು, ಅಷ್ಟೇ.

ಆ ವರ್ಷ ಬೇಲಿ ಸವರಲಿಲ್ಲ. ಮರುವರ್ಷ ಸವರುವ ಮಾತನ್ನೇ ಯಾರೂ ಎತ್ತಲಿಲ್ಲ. ಬೇಲಿ ಎರಡಾಳೆತ್ತರ ಬೆಳೆದು ನೆತ್ತಿಯ ಮೇಲೆ ಗೊಂಚಲು ಗೊಂಚಲಾಗಿ ಹೂ ಬಿಟ್ಟಿತು. ದೊರೆ ಆನೆಯ ಮೇಲೆ ಕೂತು ನೋಡಿ ಸಂತೋಷಪಟ್ಟ. ಎಲ್ಲರೂ ಕತ್ತೆತ್ತಿ ಹೂ ನೋಡಿದರು. ಬಗ್ಗಿ ಬುಡ ನೋಡಿದವಳು ಸಂಕವ್ವ ಒಬ್ಬಳೇ. ಬೇಲಿಯ ಬುಡದಲ್ಲಿ ಎಲೆ ಉದುರಿ, ಕೊಂಬೆಗಳೆಲ್ಲ ಬೋಳು ಕಾಲುಗಳಂತೆ ನಿಂತಿದ್ದವು. ಆಡು ನುಸುಳುವಷ್ಟು ಸಂದಿ ಬಿಟ್ಟಿತ್ತು. ಅವಳು ಹೇಳಿದಳು. ಹೇಳಿದವಳು ಮುದುಕಿ, ಕೇಳುವವರು ಹೂ ನೋಡುತ್ತಿದ್ದರು.

ಪದುಮಿ ಆಗ ತಪ್ಪುಹೆಜ್ಜೆ ಇಡುವ ಮಗು. ಒಂದು ಇಳಿಹೊತ್ತು ಮನೆಯ ಮುಂದೆ, ತನ್ನದೇ ಕಣಗಿಲೆಯ ಬಳಿ ಬಿಸಿಲಲ್ಲಿ ನಿಂತು ಉದುರಿದ ಹೂ ಹೆಕ್ಕಲು ಬಗ್ಗಿತ್ತು. ದ್ಯಾಮಿ ಹೂವಿಗೆ ಕೈ ಹಾಕಬೇಡ ಎಂದು ಕೂಗುತ್ತ ಓಡಿ ಬಂದಳು. ಅಷ್ಟರಲ್ಲಿ ಗಿಡದ ಬೋಳು ಬುಡದ ಸಂದಿಯಿಂದ ಒಂದು ಗಡ್ಡದ ಮೂತಿ ತೂರಿತು. ಒದ್ದೆ ಬಟ್ಟೆ ಹರಿದಂಥ ಸದ್ದು. ಮೂತಿ ಹಿಂದಕ್ಕೆ ಹೋಯಿತು. ಮಗುವಿಗೆ ಒಂದು ಗೀರೂ ಆಗಿರಲಿಲ್ಲ. ಆದರೆ ಅಂಗಳದ ಬಿಸಿಲಲ್ಲಿ ಸಗಣಿ ಬುಟ್ಟಿಗೂ ನೆರಳಿತ್ತು, ಪದುಮಿಗೆ ಇರಲಿಲ್ಲ.

ಅಂದಿನಿಂದ ಮಗು ಅಳಲಿಲ್ಲ, ನಗಲಿಲ್ಲ. ಕೂರಿಸಿದಲ್ಲಿ ಕೂರುತ್ತಿತ್ತು. ನಾಲ್ಕು ದಿನಕ್ಕೆ ಅದರ ಅಂಗೈಯೊಳಗಿಂದ ದೀಪದ ಕುಡಿ ಕಾಣುವಂತಾಯಿತು. ಅದೇ ದಿನಗಳಲ್ಲಿ ತಂಪಯ್ಯನೂ ಯಾರಿಗೂ ಹೇಳದೆ ನಾಡು ಬಿಟ್ಟಿದ್ದ. ಆಗ ಯಾರಿಗೋ ನೆನಪಾಯಿತು: ಕೊಡೆಯ ಹೊರಗೆ ಅವನನ್ನು ಯಾರೂ ಎಂದೂ ಕಂಡಿಲ್ಲ, ಅವನಿಗೆ ನೆರಳಿತ್ತೋ ಇಲ್ಲವೋ ಯಾರೂ ನೋಡಿಲ್ಲ. ಸಂಕವ್ವನಿಗೆ ಎಲ್ಲ ತಿಳಿಯಿತು. ಅವಳು ಸೊಸೆಗೆ ಹೇಳಿದ್ದು ಇಷ್ಟು. ನೆರಳಾಡು ಮೇದ ನೆರಳು ಅದರ ಮೈಮೇಲೆ ಕಪ್ಪು ಕೂದಲಾಗಿ ಬೆಳೆಯುತ್ತದೆ. ಆ ಕೂದಲನ್ನು ಕತ್ತರಿಸಿ ನೂಲು ಮಾಡಿ ಕೊಡೆ ನೇಯುವವನು ಅವನೇ, ನೆರಳಿಲ್ಲದ ಉಪ್ಪುಬಯಲಿನ ಮಾಯಾವಿ. ಅಮಾವಾಸ್ಯೆಗೆ ಮೊದಲು ಪದುಮಿಯ ಎಳೆ ಕೊಡೆಯಿಂದ ಬಿಚ್ಚಿ ಬಂದರೆ ಮಗು ಉಳಿಯುತ್ತದೆ. ಅವನ ಬಯಲಲ್ಲಿ, ಹೂ ಬಿಟ್ಟ ಕಣಗಿಲೆಯ ನೆರಳಲ್ಲಿ ನಿಂತವರ ಕಣ್ಣಿಗೆ ಮಾತ್ರ ಆ ಮಾಯಾವಿ ಕಾಣುತ್ತಾನೆ; ಒಮ್ಮೆ ಕಂಡ ಮೇಲೆ ಮರೆಯಾಗಲಾರ.

“ನಾನು ಹೋಗುತ್ತೇನೆ, ಅತ್ತೆ” ಎಂದಳು ದ್ಯಾಮಿ.

“ಹೋಗದೆ ಇನ್ನೇನು? ಬಾಯಿ ಬಿಟ್ಟವಳು ನೀನೇ” ಎಂದಳು ಸಂಕವ್ವ. ಆಮೇಲೆ ದನಿ ಇಳಿಸಿ, “ಮಗುವನ್ನು ನನ್ನ ಮಡಿಲಲ್ಲಿ ಬಿಟ್ಟು ಹೋಗು. ಬೇಲಿ ನಾವು ನೋಡಿಕೊಳ್ಳುತ್ತೇವೆ” ಎಂದಳು.

ದ್ಯಾಮಿ ಕುಡುಗೋಲು ತಂದು ಪದುಮಿಯ ಕಣಗಿಲೆಯ ಮುಂದೆ ನಿಂತಳು. ಗಿಡದ ತುಂಬ ಹೂ. ಮಗಳ ಹೆಸರಿನ ಗಿಡ. ಕಣ್ಣು ಮುಚ್ಚಲಿಲ್ಲ. ಮೊಣಕಾಲೆತ್ತರಕ್ಕೆ ಕತ್ತರಿಸಿದಳು. ಕೊಂಬೆಗಳ ಹೊರೆ ಕಟ್ಟಿ ತಲೆಯ ಮೇಲಿಟ್ಟು, ಒಂದು ಸೋರೆಬುರುಡೆಯ ತುಂಬ ನೀರು ಹಿಡಿದು, ಮಗುವನ್ನು ಮುಟ್ಟದೆ ಹೊರಟಳು. ಕೈಗೆ ಹಾಲು ಹತ್ತಿತ್ತಲ್ಲ. ಅವಳ ಹಿಂದೆ ಕೇರಿಯ ಹೆಂಗಸರೆಲ್ಲ ಒಬ್ಬೊಬ್ಬರಾಗಿ ಕುಡುಗೋಲು ಹಿಡಿದು ಬೇಲಿಯ ಕಡೆ ನಡೆದರು. ಈ ಸಲ ಬೀರ ಯಾರ ಮುಖವನ್ನೂ ನೋಡದೆ ಅರಿಶಿನದ ದಾರ ಎಳೆಯತೊಡಗಿದ.

ಬೇಲಿ ದಾಟಿದರೆ ಬೋಳು ಬೆಟ್ಟಗಳು. ಎರಡು ಬೆಟ್ಟಗಳ ನಡುವಿನ ಕಣಿವೆಯಲ್ಲಿ ನೆರಳಾಡುಗಳ ಮಂದೆ ನಿಂತಿತ್ತು. ದಾರಿ ಕಾಣದಷ್ಟು ಆಡು. ಮುಂದೆ ಒಂದು ಮುದಿ ಹೋತ.

“ಬಾ ತಂಗಿ” ಎಂದಿತು ಹೋತ. “ಆಡು ಮುಟ್ಟದ ಸೊಪ್ಪಿಲ್ಲ ಅನ್ನುತ್ತಾರೆ ನಿಮ್ಮ ಜನ. ನಾನೂ ಕೇಳಿದ್ದೇನೆ.”

“ಕೇಳಿದ್ದರೆ ಸಾಕು, ಮುಟ್ಟಿ ನೋಡು” ಎಂದು ದ್ಯಾಮಿ ಹೂವಿನ ಹೊರೆಯನ್ನು ತಲೆಯ ಮೇಲೆ ಇನ್ನೂ ಎತ್ತರಕ್ಕೆ ಹಿಡಿದು ನಡೆದಳು. ಅವಳ ನೆರಳಿನ ತಲೆಯ ಮೇಲೂ ಕಣಗಿಲೆಯ ನೆರಳಿತ್ತು. ಆಡುಗಳು ಅತ್ತ ಮೂಸಿ ಹಿಂದೆ ಸರಿದವು. ಆದರೆ ಹೋತ ನಗುತ್ತ ಸುತ್ತು ಹಾಕಿ ಅವಳ ನೆರಳಿನ ಕಾಲಿನ ಕಡೆಯಿಂದ ಬಂತು. ಅಲ್ಲಿ ಎಲೆಯೂ ಇರಲಿಲ್ಲ, ಹೂವೂ ಇರಲಿಲ್ಲ. ಒಂದೇ ಕಡಿತಕ್ಕೆ ನೆರಳಿನ ಕಿರುಬೆರಳು ಹೋಯಿತು. ದ್ಯಾಮಿಯ ಕಾಲು ಜೋಮು ಹಿಡಿದು ಅವಳು ಮುಗ್ಗರಿಸಿದಳು.

ಮುಗ್ಗರಿಸಿದಾಗ ಅವಳಿಗೆ ತನ್ನ ಬೇಲಿ ಕಣ್ಣ ಮುಂದೆ ಬಂತು. ಮೇಲೆ ಹೂ, ಕೆಳಗೆ ಬೋಳು. ಎರಡು ವರ್ಷ ತಾವು ಮಾಡಿದ್ದನ್ನೇ ಈಗ ತಲೆಯ ಮೇಲೆ ಹೊತ್ತು ನಡೆದಿದ್ದಳು. ಕುಳಿತಲ್ಲೇ ಹೊರೆ ಬಿಚ್ಚಿದಳು. ಹೂಗೊಂಚಲುಗಳನ್ನೆಲ್ಲ ಕತ್ತರಿಸಿ ಎಸೆದಳು. ಎಲೆ ದಟ್ಟವಾಗಿದ್ದ ಕೊಂಬೆಗಳನ್ನು ಕಣಕಾಲಿಗೆ, ಮೊಣಕಾಲಿಗೆ, ಸೊಂಟಕ್ಕೆ ಬಿಗಿಯಾಗಿ ಕಟ್ಟಿಕೊಂಡಳು. ಎದ್ದು ನಿಂತಾಗ ಅವಳ ನೆರಳು ಹೆಂಗಸಿನ ನೆರಳಾಗಿರಲಿಲ್ಲ, ಬೇಲಿಯ ನೆರಳಾಗಿತ್ತು. ಹೋತ ಒಮ್ಮೆ ಮೂಸಿ ಕೆಮ್ಮಿತು. ಮಂದೆ ಎರಡಾಗಿ ಸೀಳಿ ದಾರಿ ಬಿಟ್ಟಿತು. ದ್ಯಾಮಿ ಕುಂಟುತ್ತ ದಾಟಿದಳು.

ಕಣಿವೆಯಾಚೆ ಉಪ್ಪುಬಯಲು. ಬೆಳ್ಳಗೆ, ಕಣ್ಣು ಕುಕ್ಕುವಂತೆ, ಅಂಚೇ ಇಲ್ಲದ ಬಯಲು. ಕಲ್ಲಿಲ್ಲ, ಮರವಿಲ್ಲ, ಮೋಡವಿಲ್ಲ. ಮಾಯಾವಿಯೂ ಕಾಣಲಿಲ್ಲ. ದ್ಯಾಮಿ ಮೈಗೆ ಕಟ್ಟಿದ್ದ ಕೊಂಬೆಗಳನ್ನು ಬಿಚ್ಚಿದಳು. ಎಲ್ಲ ಬಾಡಿದ್ದವು. ಹೆಬ್ಬೆರಳು ದಪ್ಪದ ಒಂದು ಕಡ್ಡಿಯಲ್ಲಿ ಮಾತ್ರ ಹಸಿರಿತ್ತು. ಕೆಳಗಿನ ಎಲೆಗಳನ್ನು ತೆಗೆದು, ಬಯಲಿನ ಅಂಚಿನ ಮಣ್ಣಿನಲ್ಲಿ ಅದನ್ನು ನೆಟ್ಟು, ಬುರುಡೆಯ ನೀರನ್ನು ಅರ್ಧ ಎರೆದಳು. ಅದು ಮಾಯೆಯ ನೆಲ. ಬೆಳಗಾಗುವುದರೊಳಗೆ ಕಡ್ಡಿ ಬೇರು ಬಿಟ್ಟು ಮೊಣಕಾಲೆತ್ತರ ಚಿಗುರಿತ್ತು.

ಆಗ ಬಿಸಿಲ್ಗುದುರೆ ಬಂತು. ದೂರದಲ್ಲಿ ನೀರಿನಂತೆ ಹೊಳೆದು, ಹತ್ತಿರ ಬಂದಾಗ ಕುದುರೆಯಾಯಿತು. ಬೆಳಕಿನದೇ ಮೈ, ಬೆಳಕಿನದೇ ಜೂಲು. ಅದು ಗೊರಸು ಊರಿದಲ್ಲೆಲ್ಲ ನೀರು ಉಕ್ಕುತ್ತಿತ್ತು.

“ಪಾಪ ಮಗಳೇ, ಗಿಡ ಬಾಯಾರಿದೆ. ಎಷ್ಟು ಬೇಕಾದರೂ ಎರೆ” ಎಂದಿತು ಕುದುರೆ.

ದ್ಯಾಮಿ ಬೊಗಸೆ ತುಂಬಿ ತುಂಬಿ ಎರೆದಳು. ಗಿಡ ಕಣ್ಣೆದುರೇ ಬೆಳೆಯಿತು. ಸೊಂಟದೆತ್ತರ, ಎದೆಯೆತ್ತರ, ಆಳೆತ್ತರ. ಕಡುಹಸಿರು ಎಲೆಗಳು ಅಂಗೈಯಗಲ ಬೆಳೆದವು. ಮೊಗ್ಗು ಒಂದೂ ಇಲ್ಲ. ಅವಳು ಇನ್ನೂ ಎರೆದಳು. ಇನ್ನೂ ಎಲೆ ಬಂತು. ಬುಡ ಕೆಸರಾಗಿ ಕೆಳಗಿನ ಎಲೆಗಳು ಹಳದಿಗೆ ತಿರುಗಿದವು. ಅತ್ತೆಯ ಎರಡನೆಯ ಮಾತು ಆಗ ನೆನಪಿಗೆ ಬಂತು. ಒಳ್ಳೆಯ ಮಾತುಗಳ ಸ್ವಭಾವವೇ ಹಾಗೆ, ಎಡವಿದ ಮೇಲೆ ಬರುತ್ತವೆ.

ಅವಳು ಬುಡದ ಕೆಸರನ್ನು ಬಗೆದು ತೆಗೆದು ಒಣ ಮಣ್ಣು ಏರಿಸಿದಳು. ಇನ್ನು ಒಂದು ಹನಿಯೂ ಬೇಡ ಎಂದಳು. ಕುದುರೆ ಬಹಳ ಹೊತ್ತು ಅಂಗಲಾಚಿತು. ಗಿಡ ಸಾಯುತ್ತದೆ ಎಂದಿತು. ಹೆತ್ತವಳಿಗೆ ಇಷ್ಟು ಕಲ್ಲೆದೆಯೇ ಎಂದಿತು. ಎಲೆಗಳು ಜೋತು ಬಿದ್ದವು. ದ್ಯಾಮಿಯ ತುಟಿ ಒಡೆದು ರಕ್ತ ಬಂತು.

“ಗಿಡಕ್ಕೆ ಬೇಡ, ನೀನಾದರೂ ಕುಡಿ” ಎಂದಿತು ಕುದುರೆ.

“ನಾನು ಕುಡಿದರೆ ಅದಕ್ಕೂ ಕುಡಿಸುತ್ತೇನೆ. ನನ್ನ ಕೈ ನನಗೆ ಗೊತ್ತು” ಎಂದಳು ದ್ಯಾಮಿ.

ಹೀಗೆ ದಿನಗಳು ಕಳೆದವು. ಚಂದ್ರ ಬೆಳಗಿನ ಜಾವದ ಗೆರೆಯಷ್ಟೇ ಉಳಿದ. ಗಿಡ ಬದುಕುವುದೋ ಸಾಯುವುದೋ ಎಂದು ಯೋಚಿಸುವಂತೆ ಸುಮ್ಮನಿತ್ತು. ಅಮಾವಾಸ್ಯೆಯ ಬೆಳಿಗ್ಗೆ ಕೊಂಬೆಯ ತುದಿಯಲ್ಲಿ ಒಂದು ಮೊಗ್ಗು ಕಂಡಿತು. ಬಿಸಿಲೇರುವಾಗ ಕೆಂಪು ಹೂವೊಂದು ಅರಳಿತು. ಅದರ ನೆರಳು ಉಪ್ಪಿನ ಮೇಲೆ ಬಿತ್ತು. ಆ ಬಯಲು ಹುಟ್ಟಿದಾಗಿನಿಂದ ಬಿದ್ದ ಮೊದಲ ಹೂವಿನ ನೆರಳು ಅದು.

ಬಿಸಿಲ್ಗುದುರೆ ಆ ನೆರಳನ್ನು ನೋಡಿ ನಡುಗಿತು. ಮೆಲ್ಲಗೆ ಬಂದು ತಲೆಯನ್ನು ಅದರೊಳಗೆ ಇಟ್ಟಿತು. ತಲೆ ಕಂದು ಬಣ್ಣಕ್ಕೆ ತಿರುಗಿತು, ಆಮೇಲೆ ಕುತ್ತಿಗೆ, ಆಮೇಲೆ ಬೆನ್ನು. ಕೊನೆಗೆ ಅಲ್ಲಿ ನಿಂತಿದ್ದದ್ದು ಒಂದು ಸಾದಾ ಹೆಣ್ಣು ಕುದುರೆ. ಮಾಯಾವಿ ಕದ್ದ ಮೊದಲ ನೆರಳು ತನ್ನದೇ ಎಂದು ಅದು ಹೇಳಿತು. ನೆರಳಿಲ್ಲದೆ ತಾನು ಬೆಳಕಾಗಿ ಅಲೆಯುತ್ತಿದ್ದೆ ಎಂದಿತು. ಮಾತಾಡುತ್ತಲೇ ಕಣಗಿಲೆ ಎಲೆಗೆ ಬಾಯಿ ಹಾಕಲು ಹೋಯಿತು. ದ್ಯಾಮಿ ಮೂತಿಗೆ ಒಂದು ಬಿಟ್ಟು, ಇಷ್ಟು ಪಾಡು ಪಟ್ಟು ಕುದುರೆಯಾಗಿದ್ದು ಸಾಯುವುದಕ್ಕೇನು ಎಂದು ಗದರಿದಳು.

ಆಮೇಲೆ ಹೂವಿನ ನೆರಳಲ್ಲಿ ನಿಂತು ಬಯಲನ್ನು ನೋಡಿದಳು. ಕೋಟೆಯಿರಲಿಲ್ಲ, ಅರಮನೆಯಿರಲಿಲ್ಲ. ಕೂಗಿದರೆ ಕೇಳುವಷ್ಟು ದೂರದಲ್ಲಿ ಒಬ್ಬ ಒಣಕಲು ಮನುಷ್ಯ ಕಪ್ಪು ಕೊಡೆಯ ಕೆಳಗೆ ಕೂತು ಅಂಚು ನೇಯುತ್ತಿದ್ದ. ಇಷ್ಟು ದಿನವೂ ಅಲ್ಲೇ ಕೂತು ಅವಳನ್ನು ನೋಡುತ್ತಿದ್ದ.

ದ್ಯಾಮಿ ಹೂವಿರುವ ಕೊಂಬೆಯನ್ನು ಕತ್ತರಿಸಿದಳು. ಬಿಳಿ ಹಾಲು ಅವಳ ಎರಡೂ ಅಂಗೈಗೆ ಇಳಿಯಿತು. ಕೊಂಬೆಯನ್ನು ತಲೆಯ ಮೇಲೆ ಹಿಡಿದು ನಡೆದಳು.

ತಂಪಯ್ಯ ಏಳಲಿಲ್ಲ. ಕೊಡೆಯ ಅಂಚಿನಿಂದ ಒಂದು ಎಳೆ ಬಿಚ್ಚಿ ನೆಲಕ್ಕೆ ಕೊಡವಿದ. ಎಳೆ ಹರಡಿ ನೆರಳಾಯಿತು. ಪುಟ್ಟ ನೆರಳು. ಕಣ್ಣು ಮೂಗು ಇಲ್ಲದಿದ್ದರೂ ಅದು ಯಾರದ್ದೆಂದು ದ್ಯಾಮಿಗೆ ಹೇಳಬೇಕಾಗಿರಲಿಲ್ಲ. ಪದುಮಿ ನಿಲ್ಲುವಂತೆಯೇ ಹೊಟ್ಟೆ ಮುಂದೆ ಮಾಡಿ ನಿಂತಿತು. ತಪ್ಪುಹೆಜ್ಜೆ ಇಡುತ್ತ ಬಂದು ಅವಳ ಕಾಲ ಬಳಿ ನಿಂತು ಎರಡೂ ಕೈ ಮೇಲಕ್ಕೆತ್ತಿತು. ಎತ್ತಿಕೋ ಎನ್ನುವ ಕೈ.

“ಎತ್ತಿಕೋ” ಎಂದ ತಂಪಯ್ಯ. “ನಾನು ತಡೆಯುವುದಿಲ್ಲ. ಕೊಂಬೆ ಬಿಸಾಡಿ ಮಗುವನ್ನು ಎತ್ತಿಕೊಂಡು ಹೋಗು.”

ದ್ಯಾಮಿಯ ಕೈ ತಾನಾಗಿ ಮುಂದೆ ಹೋಯಿತು. ಅಂಗೈಯ ಹಾಲು ಬಿಸಿಲಿಗೆ ಹೊಳೆಯಿತು. ಕಣಗಿಲೆ ತಗುಲಿದರೆ ಮಂದೆಯ ಆಡೇ ಬೀಳುತ್ತದೆ, ಈ ಎಳೆ ನೆರಳು ಎಷ್ಟರದ್ದು. ಅವಳು ಕೈ ಹಿಂದಕ್ಕೆ ಎಳೆದುಕೊಂಡಳು. ನೆರಳು ಅವಳ ಕಾಲು ತಬ್ಬಲು ನೋಡಿತು. ಅವಳು ಒಂದು ಹೆಜ್ಜೆ ಹಿಂದೆ ಸರಿದಳು. ನೆರಳಿಗೆ ದನಿಯಿಲ್ಲ, ಆದರೆ ಅದರ ಹೆಗಲು ಅಳುವಾಗ ಅದುರುವಂತೆ ಅದುರಿತು.

ತಂಪಯ್ಯ ತಲೆಯಲ್ಲಾಡಿಸಿದ. “ಮಗುವನ್ನು ಮುಟ್ಟಬಾರದ ಕೈ ತಾಯಿಯ ಕೈ ಹೇಗಾಗುತ್ತದೆ? ಇದು ನನ್ನ ಮಾತಲ್ಲ. ನಿನ್ನದೇ.”

“ನನ್ನದೇ” ಎಂದಳು ದ್ಯಾಮಿ. “ಗೊತ್ತಿಲ್ಲದೆ ಆಡಿದ್ದೆ. ಈ ಕೈಯೂ ತಾಯಿಯದೇ.”

ಅವಳು ಕೊಂಬೆಯನ್ನು ಅವನ ಮುಂದೆ ನೆಲದ ಮೇಲೆ ಇಟ್ಟಳು. ತನಗಿದ್ದ ಆಯುಧ ಇದೊಂದೇ, ಬೇಕಾದರೆ ತೆಗೆದುಕೋ ಎಂದಳು. ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿ, ಇದ್ದಲ್ಲೇ ಕೂತು, ಬೇಲಿಯವರ ತಾಯಂದಿರು ದಾರದಾಚೆಯಿಂದ ಹೇಳುವ ಜೋಗುಳವನ್ನು ಒಡೆದ ತುಟಿಯಿಂದ ಹೇಳತೊಡಗಿದಳು. ಪದುಮಿಗೆ ಅದನ್ನು ಅವಳು ಎಂದೂ ಹೇಳಿರಲಿಲ್ಲ. ಹೇಳುವ ಸಂದರ್ಭವನ್ನೇ ತಪ್ಪಿಸಿಕೊಂಡಿದ್ದಳು. ನೆರಳು ಅಳು ನಿಲ್ಲಿಸಿತು. ಅವಳೆದುರು, ಮುಟ್ಟದಷ್ಟು ದೂರದಲ್ಲಿ, ಕುಕ್ಕರುಗಾಲಲ್ಲಿ ಕೂತು ಕೇಳಿತು.

ತಂಪಯ್ಯನಿಗೆ ನಗು ಬಂತು. ಕೊಂಬೆಯನ್ನು ಎತ್ತಿಕೊಂಡ. ಇದಕ್ಕಾಗಿ ಅಷ್ಟು ಬಾಯಾರಿಕೆಯೇ ಎನ್ನುತ್ತ ಹೂ ಹೊಸಕಿದ. ಕೊಂಬೆಯನ್ನು ಎರಡು ತುಂಡು ಮಾಡಿದ, ನಾಲ್ಕು ತುಂಡು ಮಾಡಿದ, ಎಸೆದ. ಹಾಲು ಅವನ ಬೆರಳಿಂದ ಮುಂಗೈಗೆ ಇಳಿಯಿತು. ಅವನು ಅದನ್ನು ಪಂಚೆಗೆ ಒರೆಸಿಕೊಂಡ, ಅಷ್ಟೇ. ಬೇಲಿಯವರ ಮನೆಯ ಮೂರು ವರ್ಷದ ಮಗುವೂ ಮಾಡದ ಕೆಲಸ ಅದು.

ಆಮೇಲೆ, ಹಾಡು ಸಾಕು ಎಂದು, ನೆರಳನ್ನು ಮತ್ತೆ ಎಳೆ ಮಾಡಲು ಕೈ ಚಾಚಿದ.

ದ್ಯಾಮಿ ಆ ಕೈಯನ್ನೇ ನೋಡಿದಳು. ಆ ಬೆರಳು ಮೊದಲು ಮಗುವಿಗೆ ತಾಗುತ್ತದೆಯೋ, ನಾಲಿಗೆಗೋ? ನಡುವೆ ಬಿದ್ದು ತಡೆದರೆ ತನ್ನ ಕೈಯೂ ವಿಷದ ಕೈಯೇ. ಅವಳು ಬೆನ್ನ ಹಿಂದಿನ ಕೈಗಳನ್ನು ಉಗುರು ಊರುವಷ್ಟು ಗಟ್ಟಿಯಾಗಿ ಹಿಡಿದುಕೊಂಡಳು. ಜೋಗುಳ ನಿಲ್ಲಿಸಲಿಲ್ಲ. ಚಾವಡಿಯಲ್ಲಿ ಕಂಡದ್ದನ್ನೇ ನಂಬಿ ಕೂತಳು.

ನೂಲಿನವನ ಅಭ್ಯಾಸ. ನೂಲು ಹಿಡಿಯುವ ಮೊದಲು ಬೆರಳು ಒದ್ದೆಯಾಗಬೇಕು. ತಂಪಯ್ಯನ ಕೈ ನೆರಳಿನ ಮೇಲೆ ಗೇಣು ದೂರಕ್ಕೆ ಹೋಗಿ ಹಿಂದೆ ಬಂತು. ಹೆಬ್ಬೆರಳನ್ನೂ ತೋರುಬೆರಳನ್ನೂ ನಾಲಿಗೆಗೆ ಒತ್ತಿದ.

ಕಹಿಗೆ ಮುಖ ಹಿಂಡಿದ. ಉಗುಳಿದ. ತಡವಾಗಿತ್ತು. ಊರೂರಿನ ನೆರಳು ತಿಂದು ಬದುಕಿದವನಿಗೆ ಕಣಗಿಲೆ ಆಡುಗಳಿಗೆ ಮಾಡಿದ್ದನ್ನೇ ಮಾಡಿತು. ಕೊಡೆ ಹಿಡಿದ ಕೈ ಸಡಿಲವಾಯಿತು. ಕೊಡೆ ಉರುಳಿತು. ಎಷ್ಟೋ ಕಾಲದಿಂದ ಮೈಗೆ ತಾಗದಿದ್ದ ಬಿಸಿಲು ಒಮ್ಮೆಲೇ ಅವನ ಮೇಲೆ ಬಿತ್ತು. ಅವನು ಕೂತಲ್ಲೇ ಬೆಳ್ಳಗಾಗಿ, ಉಪ್ಪಾಗಿ, ಪುಡಿಯಾಗಿ ಬಯಲಲ್ಲಿ ಬೆರೆತುಹೋದ.

ಕೊಡೆ ತಾನಾಗಿ ಬಿಚ್ಚತೊಡಗಿತು. ಒಂದೊಂದು ಎಳೆಯೂ ಹರಡಿ ಒಂದೊಂದು ನೆರಳಾಯಿತು. ಮುದುಕರ ನೆರಳು, ಮಕ್ಕಳ ನೆರಳು, ಆಲದ ಮರದ ನೆರಳು, ಒಂದು ಹೊಳೆ ದಂಡೆಯ ನೆರಳು. ಹಕ್ಕಿಗಳ ನೆರಳು ನೆಲದ ಮೇಲೆ ಓಡುವಂತೆ ಎಲ್ಲ ದಿಕ್ಕಿಗೂ ಓಡಿದವು. ಯಾರು ಉಳಿದಿದ್ದರೋ ಅವರ ಕಾಲಡಿಗೆ ಕೆಲವು ತಲುಪಿದವು. ಇಲ್ಲವಾದವರ ನೆರಳುಗಳು ಅವರ ಮನೆಯ ಅಂಗಳಕ್ಕೆ ಹೋಗಿ ಸುಮ್ಮನೆ ಮಲಗಿದವು. ಕುದುರೆಯ ನೆರಳು ಕುದುರೆಯ ಹೊಟ್ಟೆಯ ಕೆಳಗೆ ಬಂದು ನಿಂತಿತು.

ದ್ಯಾಮಿ ಕುದುರೆ ಏರಿದಳು. ಪದುಮಿಯ ನೆರಳು ಮುಂದೆ ಮುಂದೆ ಓಡಿತು. ಸೂರ್ಯ ಪಡುವಣಕ್ಕೆ ಇಳಿಯುತ್ತಿದ್ದ. ಕಣಿವೆಯಲ್ಲಿ ನೆರಳಾಡುಗಳೆಲ್ಲ ಬರಿಯ ಆಡುಗಳಾಗಿ ಮುಳ್ಳುಗಿಡ ಮೇಯುತ್ತಿದ್ದವು. ಮುದಿ ಹೋತ ಅವಳನ್ನು ನೋಡಿ ಮ್ಯಾ ಎಂದಿತು. ಬೇರೆ ಮಾತು ಅದಕ್ಕೆ ಮರೆತುಹೋಗಿತ್ತು.

ಬೇಲಿ ಕಂಡಿತು. ಹೊರಸಾಲಿನಲ್ಲಿ ಹೂವೊಂದೂ ಇರಲಿಲ್ಲ. ಆ ಸಾಲು ಪೂರ್ತಿ ಮೊಣಕಾಲೆತ್ತರಕ್ಕೆ ಸವರಿ ನಿಂತಿತ್ತು. ಕತ್ತರಿಸಿದ ಪ್ರತಿ ಗಣ್ಣಿನಲ್ಲೂ ಆಗಲೇ ಎರಡೆರಡು ಚಿಗುರು. ಗಂಡಸರು ಕೊನೆಯ ಹೊರೆಗಳನ್ನು ಹೂಳಲು ಹೊತ್ತೊಯ್ಯುತ್ತಿದ್ದರು. ಅವರ ನಡುವೆ ದೊರೆ ಹೊನ್ನರಸನೂ ಒಂದು ಹೊರೆ ಹೊತ್ತಿದ್ದ. ಅವನಿಗ್ಯಾರೂ ಕೊಡೆ ಹಿಡಿದಿರಲಿಲ್ಲ.

ಅರಿಶಿನದ ದಾರದಾಚೆ ಸಂಕವ್ವ ಕೂತಿದ್ದಳು. ಅವಳ ಮಡಿಲಲ್ಲಿ ಪದುಮಿ. ಮಗುವಿನ ಒಳಗಿಂದ ಅಜ್ಜಿಯ ಸೀರೆಯ ಗೆರೆಗಳೆಲ್ಲ ಕಾಣುತ್ತಿದ್ದವು. ಸೂರ್ಯನ ಕೊನೆಯ ಅಂಚು ಬೆಟ್ಟದ ಮೇಲಿತ್ತು. ನೆರಳು ದಾರದ ಅಡಿಯಲ್ಲಿ ನುಸುಳಿ, ಅಜ್ಜಿಯ ಮಡಿಲು ಹತ್ತಿ, ಮಗುವಿನ ಬೆನ್ನ ಹಿಂದೆ ಹೋಗಿ ಸೇರಿಕೊಂಡಿತು.

ಪದುಮಿ ಒಮ್ಮೆ ಕಣ್ಣು ಮಿಟುಕಿಸಿತು. ಬಾಯಿ ಸೊಟ್ಟ ಮಾಡಿತು. ಆಮೇಲೆ ಇಡೀ ಬೇಲಿನಾಡಿಗೆ ಕೇಳುವಂತೆ ಅತ್ತಿತು. ಅಷ್ಟು ದಿನದ ಅಳು ಬಾಕಿ ಇತ್ತು. ಅಳುತ್ತಲೇ ತಾಯಿಯನ್ನು ಕಂಡು ಎರಡೂ ಕೈ ಚಾಚಿತು.

ದ್ಯಾಮಿ ದಾರದ ಬಳಿ ಬಂದು ನಿಂತಳು. ಇಡೀ ಕೇರಿ ಅವಳನ್ನು ನೋಡುತ್ತಿತ್ತು. ಅವಳು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.

“ಬೂದಿ ಕೊಡಿ, ಅತ್ತೆ” ಎಂದಳು.

ಬೀರ ನೀರು ತಂದು ಎರೆದ. ಅವಳು ಬೂದಿಯಿಂದ ತಿಕ್ಕಿದಳು, ಹುಣಸೆಹಣ್ಣಿನಿಂದ ತಿಕ್ಕಿದಳು, ಸೀಗೆಯಿಂದ ತಿಕ್ಕಿದಳು. ಬೆರಳ ಸಂದಿ, ಉಗುರ ಸಂದಿ. ತಲೆಗೆ ನೀರು ಹುಯ್ದುಕೊಂಡಳು. ಮಗು ಅಳುತ್ತಲೇ ಇತ್ತು, ಅವಳು ಅವಸರ ಮಾಡಲಿಲ್ಲ. ಸಂಕವ್ವ ಅವಳ ಕೈಗಳನ್ನು ಹಿಡಿದು ತಿರುಗಿಸಿ ನೋಡಿ, ಮೂಸಿ, ತಲೆಯಾಡಿಸಿದಳು. ಆಗ ದ್ಯಾಮಿ ದಾರ ದಾಟಿ ಮಗುವನ್ನು ಎತ್ತಿಕೊಂಡಳು. ಆ ಹೊತ್ತಿಗೆ ಸೂರ್ಯ ಮುಳುಗಿದ್ದ. ತಾಯಿ ಮಗುವಿನ ನೆರಳು ಎಲ್ಲಿ ಮುಗಿಯಿತು, ಕತ್ತಲು ಎಲ್ಲಿ ಸುರುವಾಯಿತು ಎಂದು ಹೇಳುವಂತಿರಲಿಲ್ಲ.

ಮುಂದಿನ ವರ್ಷ ಬೇಲಿ ಹಿಂದೆಂದೂ ಬಿಡದಷ್ಟು ಹೂ ಬಿಟ್ಟಿತು, ಬುಡದಿಂದ ತುದಿಯವರೆಗೆ. ಮೊದಲ ಕುಡುಗೋಲು ಹಾಕುವುದು ದ್ಯಾಮಿಯ ಪಾಲಿಗೆ ಬಂತು. ಎಳೆ ಕೂಸಿನ ಬಾಣಂತಿಯರು ಮೊದಲ ವರ್ಷ ಬರುವುದು ಬೇಡ, ಅವರ ಪಾಲಿನ ಗಿಡವನ್ನು ಉಳಿದವರು ಸವರಲಿ ಎಂದು ಅವಳೇ ಗೊತ್ತುಮಾಡಿದಳು. ಸಂಕವ್ವ ಅದಕ್ಕೆ ಎದುರಾಡಲಿಲ್ಲ. ದೊರೆ ತಂಪಿನಲ್ಲಿ ಕೂತು ತೀರ್ಪು ಹೇಳುವುದನ್ನು ಬಿಟ್ಟ. ಕುದುರೆ ಬೀರನ ಕೊಟ್ಟಿಗೆಯಲ್ಲಿ ದಪ್ಪಗಾಯಿತು. ಪದುಮಿ ದೊಡ್ಡವಳಾಗಿ, ಬೇಲಿ ಸವರಿ, ದಾರದಾಚೆ ನಿಂತು ತನ್ನ ಮಕ್ಕಳಿಗೆ ಜೋಗುಳ ಹೇಳಿದಳು. ದ್ಯಾಮಿಯ ನೆರಳಿಗೆ ಕೊನೆಯವರೆಗೂ ಒಂದು ಕಿರುಬೆರಳು ಇರಲಿಲ್ಲ. ಕೇಳಿದವರಿಗೆ ಅದನ್ನು ತೋರಿಸುತ್ತಿದ್ದಳು, ಮುಚ್ಚಿಡುತ್ತಿರಲಿಲ್ಲ.

ಅವರೆಲ್ಲರ ಕಾಲಡಿ ಅವರವರ ನೆರಳು ಉಳಿಯಿತು. ನಿಮ್ಮ ಕಾಲಡಿಯೂ ಇದೆ, ಬೇಕಾದರೆ ನೋಡಿಕೊಳ್ಳಿ. ಕತೆ ಇಲ್ಲಿಗಾಯಿತು. ಕೈ ತೊಳೆದು ಊಟಕ್ಕೆ ಬನ್ನಿ.